ಗ್ಲೌಸ್ ಕಳಚಿದ ಕೈ

ರೀ,

ಮೊನ್ನೆ ಲ್ಯಾಬಿನಲ್ಲಿ ವೀರ್ಯದಿಂದ ತೆಗೆದ ಪ್ರೋಟೀನನ್ನು ಎಚ್‌ಐವಿ ವೈರಸ್‌ಗೆ ಬೆರೆಸಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಬಿಟ್ಟಿದ್ದೆವು. ಇವತ್ತು ನೋಡಿದರೆ ಹೆಚ್ಚಿನ ಕೋಶಗಳಿಗೆ ಸೋಂಕೇ ತಗುಲಿಲ್ಲ. "ತಟ್ಟೇಲಿ ಆಗಿದ್ದು ಮೈಯಲ್ಲೂ ಆಗುತ್ತೆ ಅಂತ ಕುಣೀಬೇಡಿ," ಎಂದರು ಮೇಡಂ. ನಾನೆಲ್ಲಿ ಕುಣಿಯಲಿ?

ನಿಮ್ಮ ಸೋಂಕು ಗೊತ್ತಾಗುವ ಮೊದಲು ಒಂಬತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದೆವು. ನನಗೇನೂ ಅಂಟಿರಲಿಲ್ಲ. ನಿಮ್ಮ ಮೈಯೇ ನನ್ನನ್ನು ಕಾಪಾಡಿತ್ತೋ ಏನೋ. ಗೊತ್ತಾದ ಮೇಲೆ, ಮುಟ್ಟಿದರೆ ಅಂಟುವುದಿಲ್ಲವೆಂದು ಊರಿಗೆಲ್ಲ ಹೇಳುವ ನಾನೇ ಲ್ಯಾಬಿನ ಗ್ಲೌಸನ್ನು ಮನೆಗೆ ತಂದೆ, ಅದನ್ನು ಹಾಕಿಕೊಂಡೇ ನಿಮ್ಮನ್ನು ಮುಟ್ಟಿದೆ. ನೀವು ಹೋಗುವ ಮುಂಚಿನ ಕೊನೆಯ ವಾರ ನಕ್ಕಿದ್ದಿರಿ: "ನಿನ್ನ ಕೈ ಬೆಚ್ಚಗಿದೆಯೋ ತಣ್ಣಗಿದೆಯೋ, ಮರೆತೇಹೋಯ್ತು ಕಣೇ."

ಸಂಜೆ ಗ್ಲೌಸ್ ಕಳಚಿ ಕೈಯನ್ನು ಕೆನ್ನೆಗಿಟ್ಟು ನೋಡಿಕೊಂಡೆ.

ಬೆಚ್ಚಗೇ ಇದೆ, ರೀ.