ಅರ್ಧ ತೆರೆದ ಹಸಿರು ಕದ

ಮಾರ್ಚ್ 3, ಬೆಳಿಗ್ಗೆ
ಕಡಲೆಹಿಟ್ಟು ಕಲಸಿಟ್ಟೆ. ಮಂಡಿನೋವು. ಬಾಚಿ ಎಂದಿನಂತೆ ಬಂದರಿಗೆ ಇಳಿದ. ಮಗುಚಿಟ್ಟ ದೋಣಿಯ ಮೇಲೆ ಕೂತು ಕಡಲು ನೋಡುವುದೇ ಈಗ ನನ್ನ ಗಂಡನ ಕೆಲಸ. ಮೊನ್ನೆ ಮಗಳ ಹೆಸರು ಮರೆತ. ನಿನ್ನೆ ಉಪ್ಪಿಗೆ ಏನಂತಾರೆ ಎಂದು ಕೇಳಿದ. ಮನೆ ಮಾತ್ರ ಮರೆತಿಲ್ಲ. ಕೆಳಗಿನಿಂದ ತಲೆಯೆತ್ತಿದರೆ ನಮ್ಮ ಕೆಂಪು ಗೋಡೆ, ಅದರ ಮೇಲೆ ಅವನಪ್ಪ ಬರೆಸಿದ ಕಿಟಕಿ. ನಿಜದ್ದಲ್ಲ, ಗೋಡೆಗೆ ಬಣ್ಣದಲ್ಲಿ ಬರೆದದ್ದು. ಎರಡು ಹಸಿರು ಕದ, ಒಂದು ಅರ್ಧ ತೆರೆದ ಹಾಗೆ. ತಿರುವು ತಿರುವಿಗೂ ಅದನ್ನೇ ನೋಡುತ್ತ ಹತ್ತಿ ಬರುತ್ತಾನೆ. ಜೊತೆಗೆ ಯಾರಾದರೂ ಹೊರಟರೆ ಬೈಗುಳ. “ನಾನೇನು ಮೇಕೆಯೇನೇ, ಹಗ್ಗ ಹಿಡ್ಕೊಂಡು ಬರೋಕೆ?”

ಮಾರ್ಚ್ 5
ಮೊಮ್ಮಗಳು ಜಿನೇವ್ರಾ ಟೂರಿಸ್ಟರನ್ನು ಕಟ್ಟಿಕೊಂಡು ನಮ್ಮ ಬಾಗಿಲ ಮುಂದೆಯೇ ನಿಂತಳು. ಊರಿನ ಚರಿತ್ರೆ ಹೇಳುವುದು ಅವಳ ಹೊಟ್ಟೆಪಾಡು. ಇಟಲಿಯ ಕರಾವಳಿಯಲ್ಲೇ ಇಂಥ ಗುಡ್ಡದೂರು ಇನ್ನೊಂದಿಲ್ಲವಂತೆ. ಹವಳ ತೆಗೆಯುವವರು ಕಟ್ಟಿಸಿದ ಚರ್ಚು. ಕಾವಲು ಗೋಪುರ. ಕಡಲ್ಗಳ್ಳರು ದಾರಿ ತಪ್ಪಲೆಂದೇ ಸುತ್ತಿಸಿ ಸುತ್ತಿಸಿ ಮಾಡಿದ ಓಣಿಗಳು. ಆಮೇಲೆ —
“ನಮ್ಮ ಮೀನುಗಾರರು ದೂರದ ಕಡಲಿಂದ್ಲೇ ಮನೆ ಗುರುತು ಹಿಡೀಲಿ ಅಂತ ಒಂದೊಂದು ಮನೆಗೆ ಒಂದೊಂದು ಬಣ್ಣ!”
ತಡೆಯಲಾಗಲಿಲ್ಲ. ಮೇಲಿನಿಂದ ಕೂಗಿದೆ: “ಸುಳ್ಳೇ! ದೋಣಿಗೆ ಬಳಿದು ಮಿಕ್ಕಿದ್ದನ್ನ ಗೋಡೆಗೆ ಬಳಿದ್ರು. ಜಿಪುಣರು ಕಣೇ ನಮ್ಮೋರು!”
ಟೂರಿಸ್ಟರು ಚಪ್ಪಾಳೆ ತಟ್ಟಿದರು. ಅದೂ ಟಿಕೆಟ್ಟಿನಲ್ಲಿ ಸೇರಿದೆ ಅಂದುಕೊಂಡರು, ಪಾಪ.
“ಅಜ್ಜೀ, ನನ್ನ ಹೊಟ್ಟೆ ಮೇಲೆ ಹೊಡೀಬೇಡ,” ಅಂದಳು ಆಮೇಲೆ.

ಮಾರ್ಚ್ 11
ಬೇಸಿಗೆಯ ಜನ ಬರುವ ಮೊದಲು ಬೀದಿಗೆಲ್ಲ ಹೊಸ ಬಣ್ಣ. ಪುರಸಭೆಯ ಅಪ್ಪಣೆ. ಪೇಂಟರ್ ತುಲಿಯೊ ಸಾರುವೆ ಕಟ್ಟಿ ಗೋಡೆ ತುಂಬ ಬಿಳಿ ಬಟ್ಟೆ ಇಳಿಬಿಟ್ಟ. ಮನೆಯೊಳಗೆ ಮಧ್ಯಾಹ್ನಕ್ಕೇ ಮಬ್ಬು. ಬಾಚಿ ಊಟಕ್ಕೆ ಬಂದಿಲ್ಲ.

ಅದೇ ಸಂಜೆ
ಸಿಕ್ಕಿದ. ಚರ್ಚಿನ ಹಿಂದಿನ ಓಣಿಯಲ್ಲಿ ಯಾರದೋ ಮೆಟ್ಟಿಲ ಮೇಲಿದ್ದನಂತೆ, ಬೂಟು ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು. ಜಿನೇವ್ರಾ ಕರೆತಂದಳು.
“ಎರ್ಸೀಲಿಯಾ, ನಮ್ಮನೆ ತೆಗೆದ್ಬಿಟ್ಟಿದಾರೆ ಕಣೇ,” ಅಂದ. “ಎಲ್ಲಾ ಕಡೆ ಹುಡುಕ್ದೆ.”
ಬೈಯಲು ಹೋದವಳು ಬಿಸಿನೀರಲ್ಲಿ ಅವನ ಕಾಲು ತೊಳೆದೆ. ಕಳ್ಳರಿಗೆಂದು ಮಾಡಿದ ಓಣಿ ನನ್ನ ಗಂಡನನ್ನೇ ಹಿಡಿಯಿತಲ್ಲ…

ಮಾರ್ಚ್ 12
“ಇನ್ಮೇಲೆ ಬಾಗ್ಲು ಹಾಕಿಡೋಣ ಅಜ್ಜಿ. ಎಲ್ಲಾದ್ರೂ ಬಿದ್ದುಗಿದ್ರೆ?” ಅಂದಳು ಜಿನೇವ್ರಾ.
“ಕಡಲು ನೋಡ್ದೆ ಇದ್ರೆ ಕೂತಲ್ಲೇ ಸಾಯ್ತಾನೆ ಕಣೇ.”
ಅಂದೆ. ಆದರೂ ಚಿಲಕ ಹಾಕಿದೆ. ಬಾಚಿ ಟೋಪಿ ಹಾಕಿಕೊಂಡು ಬಾಗಿಲ ಬಳಿ ನಿಂತೇ ಇದ್ದ. ಬಸ್ಸಿಗೆ ಕಾಯುವವನ ಹಾಗೆ.

ಮಾರ್ಚ್ 14
“ಲೋ ತುಲಿಯೊ, ನಮ್ಮ ಕಿಟಕಿ ಮತ್ತೆ ಬರೀತೀಯೋ ಇಲ್ವೋ?”
“ಬರೀತೀನಿ ಅಜ್ಜಿ. ಪುರಸಭೆಯ ನಕ್ಷೆಯಲ್ಲಿರೋ ಹಾಗೆ. ಬೀದಿಗೆಲ್ಲ ಒಂದೇ ಥರ, ಬೂದು ಬಣ್ಣ, ಎರಡೂ ಕದ ಮುಚ್ಚಿ.”
“ಎಲ್ರೂ ಸತ್ತು ಹೋದ್ರೇನೋ, ಮುಚ್ಚೋಕೆ? ನಿಮ್ಮಪ್ಪ ಬಣ್ಣ ಬಳಿಯುವಾಗ ಹೀಗೆಲ್ಲ ನಕ್ಷೆ ನೋಡ್ತಿರ್ಲಿಲ್ಲ.”
“ಅಪ್ಪನಿಗೆ ನಕ್ಷೆ ಎಲ್ಲಿತ್ತು? ನಿಮ್ಮ ಬಾಯಿತ್ತು.”
ನಗು ಬಂತು, ನುಂಗಿದೆ. ಬಾಗಿಲ ಬಳಿ ಟೋಪಿ ಹಾಕಿ ನಿಂತವನನ್ನು ತೋರಿಸಿದೆ. ಅವನು ಮನೆಗೆ ಹೇಗೆ ಬರುತ್ತಿದ್ದ ಎಂದು ಹೇಳಿದೆ. ತುಲಿಯೊ ಬ್ರಷ್ ಒರೆಸಿ ಪಕ್ಕಕ್ಕಿಟ್ಟ. ಕಡಲೆಹಿಟ್ಟಿನ ರೊಟ್ಟಿ ಕೊಟ್ಟೆ, ಅಂಚಿನ ಗರಿಗರಿ ತುಂಡು. ಅದನ್ನು ನಾನು ಯಾರಿಗೂ ಕೊಡುವವಳಲ್ಲ.

ಮಾರ್ಚ್ 27
ಬರೆಯುವ ಮನಸ್ಸಿರಲಿಲ್ಲ. ಬಾಚಿ ಮಾತು ಬಿಟ್ಟಿದ್ದ, ಅರ್ಧ ಊಟ ಬಿಟ್ಟಿದ್ದ.
ಇವತ್ತು ಬಟ್ಟೆ ಇಳಿಸಿದರು. ಮಂಡಿ ಹಿಡಿದುಕೊಂಡು ಇಳಿದು ನೋಡಿದೆ. ಕೆಂಪು ಗೋಡೆ. ಹಸಿರು ಕದ, ಒಂದು ಅರ್ಧ ತೆರೆದು. ಸಂದಿಯಲ್ಲಿ — ಒಬ್ಬಳು ಮುದುಕಿ, ಹೊರಗೆ ಇಣುಕುತ್ತ!
“ತುಲಿಯೊ! ನನ್ನ ಮೂಗು ಅಷ್ಟುದ್ದ ಇದೆಯೇನೋ?”
“ಬಂದರಿಂದ ಕಾಣಬೇಕಲ್ಲ ಅಜ್ಜಿ.”
“ಪುರಸಭೆಯವರು ಕೇಳಿದ್ರೆ?”
“ಎರ್ಸೀಲಿಯಜ್ಜೀನೇ ಕೇಳಿ ಅಂತೀನಿ. ಯಾರಿಗಿದೆ ಧೈರ್ಯ, ನೋಡೋಣ.”

ಮಾರ್ಚ್ 28, ಬೆಳಿಗ್ಗೆ
ಚಿಲಕ ತೆಗೆದೆ. ಬಾಚಿ ಹಿಂದೆ ತಿರುಗಿಯೂ ನೋಡದೆ ಹೋದ. ನಾನೂ ಕರೆಯಲಿಲ್ಲ.
ಜಿನೇವ್ರಾ ಟೂರಿಸ್ಟರೊಂದಿಗೆ ಬಂದು ಅದೇ ಕಥೆ ಹೇಳಿದಳು. ಕಡಲು, ಬಣ್ಣ, ಮನೆಯ ಗುರುತು. ಹೇಳಿ ನನ್ನತ್ತ ನೋಡಿ ಕಾದಳು. ನಾನು ತುಟಿ ಬಿಚ್ಚಲಿಲ್ಲ.
“ಅಜ್ಜೀ… ಹುಷಾರಾಗಿದೀಯ ತಾನೆ?”

ಮಧ್ಯಾಹ್ನ
ಒಲೆಯ ಮೇಲೆ ಮೀನು. ಸೀದರೆ ಸೀಯಲಿ. ಮೇಜನ್ನು ಕಿಟಕಿಗೆ ಎಳೆದುಕೊಂಡು ಕೂತಿದ್ದೇನೆ. ಬಾಚಿ ದೋಣಿಯಿಂದ ಎದ್ದ. ತಲೆಯೆತ್ತಿದ. ಟೋಪಿ ತೆಗೆದು ಬೀಸಿದ — ಗೋಡೆಯವಳಿಗೋ ನನಗೋ. ಓಣಿಯೊಳಗೆ ಹೊಕ್ಕ. ಇನ್ನು ಕಾಣುವುದಿಲ್ಲ.
ಬಾಣಲೆಯ ಸದ್ದು ಮಾತ್ರ.
ಇನ್ನೂ ಇಲ್ಲ…
ಕೆಳಗೆ ಬೂಟಿನ ಸದ್ದು. ಅವನದೇ, ಎಡಗಾಲು ಎಳೆಯುವ ಬೂಟು. ಗೋಡೆಯ ಕಡೆ ಮುಖ ಮಾಡಿ ಕೂಗುತ್ತಿದ್ದಾನೆ: “ಎರ್ಸೀಲಿಯಾ! ಎಷ್ಟೊತ್ತು ಅಲ್ಲೇ ಇಣುಕ್ತಾ ನಿಂತಿರ್ತೀಯ? ಬಂದು ಬಾಗ್ಲು ತೆಗಿಯೇ!”
ಬಂದೆ ಕಣೋ, ಬಂ—