ಕೆಂಪು ನೀರು, ಹಸಿರು ನೀರು

ಮನೆಯ ಹಿಂದಿನ ಕೋಣೆಯಿಂದ (ಮುಂದಿನದರ ತುಂಬ ಧೂಳು),
ಹದಿನಾಲ್ಕನೇ ತಾರೀಖು, ಬುಧವಾರ

ಪ್ರೀತಿಯ ಇವರಿಗೆ,

ನಿಮ್ಮ ಸೊಂಟ ಹೇಗಿದೆ? ಸೇತುವೆ ಕೆಲಸದಲ್ಲಿ ಮೇಲ್ವಿಚಾರಕರು ಬಾಯಿ ಎತ್ತಿದರೆ ಸಾಕು, ಕಬ್ಬಿಣ ಎತ್ತಬೇಕಿಲ್ಲ ಎಂದು ಹೇಳಿ ಕಳಿಸಿದ್ದೆ. ನೀವು ಕೇಳುವವರಲ್ಲ. ನೀರು ಕುದಿಸಿ ಕುಡಿಯುತ್ತಿದ್ದೀರಿ ತಾನೇ? ಇಷ್ಟು ದಿನ ಇದನ್ನು ಬಾಯಿಮಾತಿಗೆ ಕೇಳುತ್ತಿದ್ದೆ, ಈಗ ನಿಜವಾಗಿಯೂ ಕೇಳುತ್ತಿದ್ದೇನೆ. ಮಗಳ ಹೊಟ್ಟೆನೋವು, ಭೇದಿ ನಿಂತಿದೆ, ಗಾಬರಿಯಾಗಬೇಡಿ. ಅತ್ತೆಯೂ ಗಟ್ಟಿಯಾಗಿದ್ದಾರೆ. ಬೆಳಿಗ್ಗೆ ಪಕ್ಕದಲ್ಲಿ ಭಾವನ ಮನೆಗೆ ಹೋಗಿ ನಮ್ಮ ಮೇಲೆ ದೂರು, ಸಂಜೆ ನಮ್ಮ ಮನೆಗೆ ಬಂದು ಅವರ ಮೇಲೆ ದೂರು. ಒಂದು ದಿನವೂ ತಪ್ಪಿಸಿಲ್ಲ.

ನಗರಸಭೆಯವರು ಕೊನೆಗೂ ಒಳಚರಂಡಿಗೆ ಕೈ ಹಾಕಿದ್ದಾರೆ. ಹಿಂದಿನ ಬೀದಿಯ ಮಕ್ಕಳಿಗೆ ಸಾಲುಸಾಲಾಗಿ ಕಾಮಾಲೆ ಬಂದ ಮೇಲೆ, ಅಜ್ಜಂದಿರ ಕಾಲದ ಮಣ್ಣಿನ ಕೊಳವೆಗಳನ್ನೆಲ್ಲ ಕಿತ್ತು ಹೊಸದು ಹಾಕುವುದೆಂದು ತೀರ್ಮಾನವಾಯಿತಂತೆ. ಬೀದಿಯುದ್ದಕ್ಕೂ ಗುಂಡಿ. ಮನೆಯಿಂದ ಆಚೆ ಬರಬೇಕೆಂದರೆ ಹಲಗೆ ದಾಟಬೇಕು. ಎದುರು ಮನೆಯ ದರ್ಜಿ ಬೆಳಕು ಹರಿಯುತ್ತಲೇ ಕುರ್ಚಿ ಹಾಕಿಕೊಂಡು ಗುಂಡಿ ನೋಡುತ್ತ ಕೂರುತ್ತಾನೆ, ಹೊಲಿಯಲು ಕೊಟ್ಟ ನನ್ನ ರವಿಕೆಯ ಸುದ್ದಿಯೇ ಇಲ್ಲ. ಕೆಲಸ ಮಾಡಿಸುತ್ತಿರುವುದು ಒಬ್ಬ ಎಂಜಿನಿಯರಮ್ಮ. ಮೊಣಕಾಲಿನವರೆಗೆ ಬೂಟು ಹಾಕುತ್ತಾಳೆಂದು ಬೀದಿಯವರೆಲ್ಲ ಅವಳನ್ನು ಬೂಟಮ್ಮ ಎನ್ನುತ್ತೇವೆ. ಅದು ಅವಳಿಗೂ ಗೊತ್ತು.

ಯಾರ ಮನೆಯ ಕೊಳವೆ ಎಲ್ಲಿ ಸೇರುತ್ತದೆಂದು ತಿಳಿಯಲು ಬೂಟಮ್ಮ ಕಕ್ಕಸಿಗೆ ಬಣ್ಣ ಸುರಿಯುತ್ತಾಳೆ. ಬೀದಿಯ ಮ್ಯಾನ್‌ಹೋಲಿನಲ್ಲಿ ಅದು ಕಂಡರೆ ಸರಿ. ಭಾವನ ಮನೆಗೆ ಕೆಂಪು, ನಮಗೆ ಹಸಿರು. ನಿಮ್ಮ ಅಣ್ಣನನ್ನು ನೀವು ನೋಡಬೇಕಿತ್ತು! ಹಿತ್ತಲಲ್ಲಿ ಕಕ್ಕಸು ಉಕ್ಕಿದ್ದು ಯಾರಿಂದ ಎಂದು ನೀವಿಬ್ಬರೂ ಕಿತ್ತಾಡಿ, ನಡುವೆ ಗೋಡೆ ಎಬ್ಬಿಸಿ, ‘ಅವನ ಮನೆ ನೀರೂ ಮುಟ್ಟಲ್ಲ’ ಎಂದು ಆಣೆ ಇಟ್ಟಿರಲ್ಲ, ಆ ವ್ಯಾಜ್ಯ ಅವತ್ತೇ ತೀರುತ್ತದೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ‘ನಮ್ಮದು ಸರಾಗವಾಗಿ ಹರಿದು ಬರುತ್ತೆ, ನೋಡ್ತಾ ಇರು’ ಎಂದು ದರ್ಜಿಗೆ ಹೇಳಿದರು. ನಾನೇನು ಕಡಿಮೆಯೇ? ಸೆರಗು ಸಿಕ್ಕಿಸಿಕೊಂಡು ಹಸಿರಿಗಾಗಿ ಬಗ್ಗಿ ನಿಂತೆ. ಅರ್ಧ ಬೀದಿ ಕೆಂಪಿನ ಪಕ್ಷ, ಅರ್ಧ ಹಸಿರಿನ ಪಕ್ಷ. ಕೆಂಪೂ ಬರಲಿಲ್ಲ, ಹಸಿರೂ ಬರಲಿಲ್ಲ. ಬಕೆಟ್ಟಿನ ಮೇಲೆ ಬಕೆಟ್ಟು ನೀರು ಸುರಿದರೂ ಇಲ್ಲ. ಬೂಟಮ್ಮನ ಮುಖ ಚಿಕ್ಕದಾಯಿತು. ‘ಎರಡೂ ಮನೆಯವರು ನಲ್ಲಿ ನೀರು ಕುಡೀಬೇಡಿ’ ಎಂದು ಹೇಳಿ ಹೋದಳು. ಭಾವ ನಕ್ಕುಬಿಟ್ಟರು.

ಮರುದಿನ ಬೆಳಿಗ್ಗೆ ನಲ್ಲಿ ಬಂತು. ಭಾವನ ಅಡುಗೆಮನೆಯಿಂದ ಅತ್ತೆಯ ಕೂಗು: ‘ಅಯ್ಯಯ್ಯೋ, ನೀರು ಹಸಿರಾಗಿದೆ ಕಣ್ರೋ!’ ಹಸಿರು ಎಂದರೆ ನಮ್ಮದು. ಓಡಿಹೋಗಿ ನಮ್ಮ ನಲ್ಲಿ ತಿರುಗಿಸಿದೆ. ತೆಳು ಕೆಂಪು, ಶರಬತ್ತಿನ ಹಾಗೆ. ರೀ, ಒಬ್ಬರ ಮನೆ ನೀರನ್ನು ಒಬ್ಬರು ಮುಟ್ಟುವುದಿಲ್ಲ ಎಂದಿರಲ್ಲ, ಇಷ್ಟು ವರ್ಷ ಅವರ ಮನೆಯದನ್ನು ನಾವು, ನಮ್ಮ ಮನೆಯದನ್ನು ಅವರು ಕುಡಿಯುತ್ತಿದ್ದೆವು. ಅದೂ ಎಂಥ ನೀರು! ಭಾವ ಹಸಿರು ಲೋಟ ಹಿಡಿದುಕೊಂಡು ಬೀದಿಗೆ ಬಂದು ಕಲ್ಲಿನಂತೆ ನಿಂತರು. ದರ್ಜಿ ಕುರ್ಚಿಯಿಂದಲೇ ‘ಹಾಗಾದ್ರೆ ಗೆದ್ದೋರು ಯಾರು?’ ಎಂದು ಕೇಳಿದ.

ಅಗೆದಾಗ ಎಲ್ಲ ಬಯಲಾಯಿತು. ನೀವು ಎಬ್ಬಿಸಿದ ಗೋಡೆಯ ಭಾರಕ್ಕೆ ಅಡಿಯಲ್ಲಿದ್ದ ಎರಡೂ ಮನೆಗಳ ಹಳೆಯ ಕೊಳವೆ ಪುಡಿಪುಡಿಯಾಗಿ, ಕೊಳಕೆಲ್ಲ ಮಣ್ಣಿಗೇ ಇಳಿಯುತ್ತಿತ್ತು. ಪಕ್ಕದಲ್ಲೇ, ನಮ್ಮದಕ್ಕೆ ತಾಗಿ ಅವರ, ಅವರದಕ್ಕೆ ತಾಗಿ ನಮ್ಮ ಕುಡಿಯುವ ನೀರಿನ ಕೊಳವೆ, ಎರಡೂ ತುಕ್ಕು ಹಿಡಿದು ಜರಡಿಯಾಗಿದ್ದವು. ನಲ್ಲಿ ನಿಂತಾಗಲೆಲ್ಲ ಸುತ್ತಲಿನ ಹೊಲಸನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದವಂತೆ. ಮಗಳು ಶಾಲೆ ತಪ್ಪಿಸಿಕೊಂಡು ಹೊಟ್ಟೆ ಹಿಡಿದು ಮಲಗುತ್ತಿದ್ದಳಲ್ಲ, ಅದು ಇದರಿಂದಲೇ. ಪಕ್ಕದಲ್ಲಿ ಭಾವ-ಅಕ್ಕನ ಮಕ್ಕಳಿಗೂ ಅದೇ ಕಾಟವಂತೆ. ಗೋಡೆಯಿದ್ದದ್ದರಿಂದ ನಮಗೆ ಗೊತ್ತಾಗಿರಲಿಲ್ಲ. ಅಕ್ಕ ಗುಂಡಿಯ ಆಚೆ, ನಾನು ಈಚೆ. ಯಾರ ಮಗು ಯಾವಾಗ ಮಲಗಿತ್ತೆಂದು ಅಲ್ಲಿಂದಲೇ ಲೆಕ್ಕ ಹಾಕಿದೆವು.

‘ಗೋಡೆ ತೆಗೆದ್ರೆ ಕೊಳವೆ ಹಾಕ್ತೀವಿ. ಇಬ್ಬರೂ ಒಪ್ಪದಿದ್ರೆ ಗುಂಡಿ ಮುಚ್ಚಿ ಮುಂದಿನ ಮನೆಗೆ ಹೋಗ್ತೀವಿ’ ಎಂದಳು ಬೂಟಮ್ಮ. ನಿಮ್ಮ ಪರವಾಗಿ ನಾನೇ ಹೂಂ ಅಂದೆ. ಕೋಪ ಬಂದರೆ ಅಲ್ಲೇ ಮುಗಿಸಿಕೊಂಡು ಬನ್ನಿ. ಭಾವ ಒಳಗಿನಿಂದ ಹಾರೆ ತಂದು ಮೊದಲ ಏಟು ತಾವೇ ಹಾಕಿದರು. ಇಟ್ಟಿಗೆ ಅಲುಗಲಿಲ್ಲ, ಭಾವನ ಭುಜ ಉಳುಕಿತು. ಮಿಕ್ಕದ್ದನ್ನು ಕೆಲಸದವರು ಕೆಡವಿದರು. ಈಗ ನಮ್ಮ ಕಕ್ಕಸಿಗೆ ಹೊಸ ಕೊಳವೆ ಸೇರಿದೆ, ಅವರದು ಇನ್ನೂ ಬಾಕಿ. ಹಾಗಾಗಿ ಭಾವ ದಿನಾ ಬೆಳಿಗ್ಗೆ ಪತ್ರಿಕೆ ಕಂಕುಳಲ್ಲಿಟ್ಟುಕೊಂಡು ನಮ್ಮ ಹಿತ್ತಲಿಗೆ ಬಂದು, ‘ಒಳಗೆ ಯಾರಾದ್ರೂ ಇದಾರಾ?’ ಎಂದು ಬಹಳ ಮರ್ಯಾದೆಯಿಂದ ಕೇಳುತ್ತಾರೆ. ಕಷ್ಟ ಅತ್ತೆಗೆ ಮಾತ್ರ. ಒಂದು ಕಡೆ ಹೇಳಿದ ದೂರು ಈಗ ಎರಡೂ ಕಡೆ ಕೇಳಿಸುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯ ಆಶೀರ್ವಾದ, ಮಗಳ ಮುತ್ತು, ಅಕ್ಕ ಕೇಳಿದಳೆಂದು ಹೇಳಲು ಹೇಳಿದ್ದಾಳೆ.

ನಿಮ್ಮ ದಾರಿ ಕಾಯುತ್ತಿರುವ,
ಮನೆಯವಳು

ಮರೆತಿದ್ದೆ: ಗೋಡೆ ತಿರುಗಿ ಕಟ್ಟಬೇಕಾ ಎಂದು ಮೇಸ್ತ್ರಿ ಕೇಳಿದ. ಭಾವ ‘ಅವನು ಬಂದು ಹೇಳ್ಲಿ’ ಎಂದರು. ಭಾನುವಾರ ನೀವು ಬರುವ ಬಸ್ಸಿಗೆ ನಾನು ಬರುವುದಿಲ್ಲ, ನಿಮ್ಮನ್ನು ಕರೆತರಲು ಅವರೇ ಬರುತ್ತಾರಂತೆ. ಹಿಂದಿನ ಬಾಗಿಲಿನಿಂದ ಇಳಿದು ಓಡಬೇಡಿ. ನಿಮ್ಮ ಹತ್ತಿರ ಏನು ಮಾತಾಡಬೇಕೆಂದು ನಮ್ಮ ಬಚ್ಚಲಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದಾರೆ. ಎಲ್ಲರಿಗೂ ಕೇಳಿಸುತ್ತದೆಂದು ಅವರಿಗೆ ಗೊತ್ತಿಲ್ಲ. ಇವತ್ತಿಗೆ ‘ಏನೋ, ಸೊಂಟ ಹೇಗಿದೆಯೋ?’ ಎನ್ನುವವರೆಗೆ ಬಂದಿದ್ದಾರೆ. ಅದರಾಚೆಗೆ ಹೋಗದೆ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಮುಂದಿನ ಮಾತು ನೀವೇ ಆಡಿ.