ಎದೆಗೆ ಹಚ್ಚಿದ ಗಂಧ

ಆಂಬ್ಯುಲೆನ್ಸಿನ ಆಶಾಲತಾ ಸಿಸ್ಟರಿಗೆ,

ಪಡೀಲಿನ ಹಿತೇಶನ ನಮಸ್ಕಾರ. ನಿಮ್ಮ ಕೆನ್ನೆಗೆ ಹೊಡೆದವನು ನಾನೇ. ನಾನು ಕಲಿತದ್ದು ಐದನೇ ಕ್ಲಾಸು ಮಾತ್ರ, ಬರೆದದ್ದರಲ್ಲಿ ತಪ್ಪಿದ್ದರೆ ಬೇಸರಿಸಬೇಡಿ.

ಅಪ್ಪ ಎದೆನೋವಿನಿಂದ ಬಿದ್ದಾಗ ಅಮ್ಮ ದೈವದ ಗಂಧವನ್ನು ಅವರ ಎದೆಗೆ ಹಚ್ಚಿದ್ದರು. ನೀವು ಬಂದವರೇ ಅದನ್ನು ಒರೆಸಿದಿರಿ. "ಗಂಧ ಇದ್ದರೆ ಇಸಿಜಿ ವಯರ್ ಅಂಟುವುದಿಲ್ಲ ಮಾರಾಯ" ಎಂದದ್ದು ನನಗೆ ಕೇಳಿಸಿತ್ತು. ಆದರೂ ಹೊಡೆದೆ. ನೀವು ಅಪ್ಪನ ಮೇಲಿಂದ ಕೈ ತೆಗೆಯಲಿಲ್ಲ.

ಡ್ಯೂಟಿಯಲ್ಲಿದ್ದವರಿಗೆ ಹೊಡೆದದ್ದಕ್ಕೆ ಜೈಲಾಗಬಹುದು ಎಂದು ವಕೀಲರು ಹೇಳಿದ್ದಾರೆ. ಆಗಲಿ. ಕೇಸು ಬಿಡಿ ಎಂದು ನಾನು ಕೇಳುವುದಿಲ್ಲ.

ಅಪ್ಪ ಈಗ ನಡೆಯುತ್ತಾರೆ. ನಾನು ಹೊಡೆದದ್ದನ್ನು ಮನೆಯಲ್ಲಿ ಯಾರೂ ಅವರಿಗೆ ತಿಳಿಸಿಲ್ಲ. "ನನ್ನನ್ನು ಉಳಿಸಿದ ಸಿಸ್ಟರಿಗೆ ಒಮ್ಮೆ ಕೈಮುಗಿಯಬೇಕು. ಕರೆದುಕೊಂಡು ಹೋಗಲು ನಿನಗೆ ಎಂತ ನಾಚಿಕೆ?" ಎಂದು ದಿನಾ ಕೇಳುತ್ತಾರೆ.

ಭಾನುವಾರ ಬೆಳಿಗ್ಗೆ ನಿಮ್ಮ ಆಸ್ಪತ್ರೆಗೆ ಕರೆದುಕೊಂಡು ಬರುತ್ತೇನೆ. ಅವರು ಮೆಟ್ಟಿಲು ಹತ್ತಬಾರದು, ಕೆಳಗೆ ಒಂದು ಕುರ್ಚಿ ಕೊಡಿ. ನಾನು ಗೇಟಿನ ಹೊರಗೇ ನಿಲ್ಲುತ್ತೇನೆ.

ಬಸ್ಸಿನಲ್ಲಿ ಬರುವಾಗ ಅಪ್ಪನಿಗೆ ಎಲ್ಲ ಹೇಳಬೇಕೆಂದಿದ್ದೇನೆ. ಅವರು ನಿಮ್ಮ ಮುಖ ನೋಡದೆ ತಲೆ ತಗ್ಗಿಸಿ ನಿಂತರೆ, ನಾನು ಹೇಳಿದ್ದೇನೆ ಎಂದು ತಿಳಿಯಿರಿ.

ಇತಿ,
ನೋಣಯ್ಯನವರ ಮಗ ಹಿತೇಶ್